ಮುಂಡಗೋಡಿನ ಟಿಬೆಟಿಯನ್ನರು, ಯಲ್ಲಾಪುರದ ಸಿದ್ದಿಗಳು

ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಟಿಬೆಟಿಯನ್ನರು ಬರಿಗೈಯಲ್ಲಿ ಬಂದು ಅರವತ್ತು ವರ್ಷಗಳಲ್ಲಿ ಮೇಲೆ ಬಂದರು, ಸಿದ್ದಿಗಳು ನಾಲ್ಕು ಶತಮಾನಗಳಿಂದ ಇಲ್ಲೇ ಇದ್ದರೂ ಇದ್ದ ಹಾಗೆಯೇ ಇದ್ದಾರೆ ಎಂಬುದು ಆ ಮಾತು. ಅಡಿಕೆ ವ್ಯಾಪಾರದ ಅಂಗಳದಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ನಾನು ಇದನ್ನು ಕೇಳುತ್ತ ಬಂದಿದ್ದೇನೆ. ಹೇಳುವವರಲ್ಲಿ ಹೆಚ್ಚಿನವರಿಗೆ ಯಾರ ಮೇಲೂ ದ್ವೇಷವಿಲ್ಲ. ಆದರೆ ಅವರು ದುಡಿಮೆಗಾರರು, ಇವರು ಸೋಮಾರಿಗಳು ಎಂಬ ತೀರ್ಪೊಂದು ಆ ಮಾತಿನೊಳಗೆ ಕುಳಿತಿರುತ್ತದೆ. ಹೊರಗಿನಿಂದ ಬಂದ ಎರಡು ಸಮುದಾಯಗಳು ಒಂದೇ ಜಿಲ್ಲೆಯ ಕಾಡಂಚಿನಲ್ಲಿ, ಒಂದೇ ಮಳೆಗಾಲವನ್ನು ಉಣ್ಣುತ್ತ ಬದುಕುತ್ತಿರುವಾಗ ಅವನ್ನು ಹೋಲಿಸಬೇಕೆನ್ನಿಸುವುದು ಸಹಜವೇ. ಹೋಲಿಸುವುದಾದರೆ ಪೂರ್ತಿಯಾಗಿ ಹೋಲಿಸಬೇಕು ಎಂಬುದಷ್ಟೇ ನನ್ನ ತಕರಾರು.

ಬಂದ ಬಗೆಯಿಂದಲೇ ಆರಂಭಿಸಬೇಕಾಗುತ್ತದೆ. ಸಿದ್ದಿಗಳ ಪೂರ್ವಿಕರು ಪೂರ್ವ ಆಫ್ರಿಕಾದ ಕರಾವಳಿಯವರು. ಅರಬ್ಬರ ಮೂಲಕ, ಆಮೇಲೆ ಹೆಚ್ಚಾಗಿ ಪೋರ್ಚುಗೀಸರ ಮೂಲಕ ಗೋವೆಗೆ ಗುಲಾಮರಾಗಿ ಬಂದವರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಒಬ್ಬಿಬ್ಬರಾಗಿ, ಚಿಕ್ಕ ಚಿಕ್ಕ ಗುಂಪುಗಳಾಗಿ ಗಡಿ ದಾಟಿ ಸೂಪಾ, ಹಳಿಯಾಳ, ಯಲ್ಲಾಪುರ, ಅಂಕೋಲೆಯ ಕಾಡು ಸೇರಿದರು. ತಪ್ಪಿಸಿಕೊಂಡು ಬಂದವನಿಗೆ ಯಾರ ಕಣ್ಣಿಗೂ ಬೀಳದಿರುವುದೇ ಕ್ಷೇಮ. ಹಾಗಾಗಿ ಅವರ ಮನೆಗಳು ಇಂದಿಗೂ ಕಾಡಿನೊಳಗೆ ನಾಲ್ಕಾರರಂತೆ ಚದುರಿಕೊಂಡಿವೆ. ತಂದ ಭಾಷೆ ಉಳಿಯಲಿಲ್ಲ. ಮನೆಮಾತು ಕೊಂಕಣಿಯಾಯಿತು, ಹೊರಗಿನ ವ್ಯವಹಾರಕ್ಕೆ ಕನ್ನಡ ಬಂತು. ಮತವೂ ನೆಲೆನಿಂತ ಊರಿಗೆ ತಕ್ಕಂತೆ ಮೂರಾಯಿತು: ಯಲ್ಲಾಪುರ ಮತ್ತು ಅಂಕೋಲೆಯ ಕಡೆ ಹಿಂದೂಗಳು ಹೆಚ್ಚು, ಹಳಿಯಾಳದ ಕಡೆ ಕ್ರೈಸ್ತರು ಮತ್ತು ಮುಸ್ಲಿಮರು ಹೆಚ್ಚು. ಡಮಾಮಿ ಎಂಬ ಚರ್ಮವಾದ್ಯದ ಕುಣಿತ, ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿ ಮತ್ತು ಮುಖಚಹರೆಯನ್ನು ಬಿಟ್ಟರೆ, ಇವರೆಲ್ಲ ಒಂದು ಸಮುದಾಯ ಎಂದು ತೋರಿಸುವ ಸಂಸ್ಥೆಯೊಂದು ಬಹುಕಾಲ ಇರಲಿಲ್ಲ. ಮೂರೂ ಮತದವರನ್ನು ಒಂದೆಡೆ ತರುವ ಸಂಘ ಹುಟ್ಟಿದ್ದು 1980ರ ದಶಕದಲ್ಲಿ.

ಟಿಬೆಟಿಯನ್ನರ ಕಥೆ ಇದಕ್ಕೆ ಪೂರ್ತಿ ತದ್ವಿರುದ್ಧ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಪ್ರಧಾನಿ ನೆಹರೂ ಅವರು ರಾಜ್ಯ ಸರ್ಕಾರಗಳನ್ನು ಭೂಮಿ ಕೇಳಿದಾಗ ಧಾರಾಳವಾಗಿ ಒಪ್ಪಿದ್ದು ಮೈಸೂರು ರಾಜ್ಯ. ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಮೊದಲು ದೊರೆಯಿತು. 1966ರಲ್ಲಿ ಮುಂಡಗೋಡಿನ ವಸಾಹತು ಸುಮಾರು 4,000 ಎಕರೆ ಅರಣ್ಯಭೂಮಿಯಲ್ಲಿ ಆರಂಭವಾಯಿತು. ಹುಣಸೂರು ಮತ್ತು ಕೊಳ್ಳೇಗಾಲದ ವಸಾಹತುಗಳು ಮುಂದಿನ ದಶಕದಲ್ಲಿ ಬಂದವು. ಭೂಮಿ ಒಂದೇ ತುಂಡಾಗಿ ಸಿಕ್ಕಿತು, ಕುಟುಂಬದ ತಲೆ ಲೆಕ್ಕದಲ್ಲಿ ಹಂಚಿಕೆಯಾಯಿತು, ಮನೆ, ಶಾಲೆ ಮತ್ತು ಆಸ್ಪತ್ರೆಗಳ ಯೋಜನೆಯೂ ಅದರ ಜೊತೆಗೇ ಬಂತು. ಟಿಬೆಟಿಯನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ ಸರ್ಕಾರ 1961ರಲ್ಲಿ ಪ್ರತ್ಯೇಕ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿತ್ತು. ವಿದೇಶಿ ದಾನಿಗಳ ನೆರವು ಹರಿಯಿತು. ಇಂದು ಸ್ವಸಹಾಯ ಗುಂಪುಗಳ ಕೆಲಸಕ್ಕೆ ಹೆಸರಾಗಿರುವ ಮೈರಾಡ ಸಂಸ್ಥೆ 1968ರಲ್ಲಿ ಹುಟ್ಟಿದ್ದೇ ನಮ್ಮ ರಾಜ್ಯಕ್ಕೆ ಬಂದ ಟಿಬೆಟಿಯನ್ನರ ಪುನರ್ವಸತಿಗಾಗಿ. ಆ ಕೆಲಸ ಮುಗಿದ ಮೇಲೆಯೇ ಅದು ಇಲ್ಲಿನ ಬಡವರ ಕಡೆ ತಿರುಗಿತು.

ಇಷ್ಟೆಲ್ಲ ಸಿಕ್ಕಿದ್ದರಿಂದ ಅವರಿಗೆ ಕಷ್ಟವೇ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಶೀತಪ್ರದೇಶದ ಎತ್ತರದ ನೆಲದಿಂದ ಬಂದವರು ನಮ್ಮ ಬಿಸಿಲಿನಲ್ಲಿ ಕಾಡು ಕಡಿದು ಹೊಲ ಮಾಡಿದರು. ಕ್ಷಯರೋಗ ಅವರನ್ನು ತಲೆಮಾರುಗಳ ಕಾಲ ಕಾಡಿತು. ಮಳೆಯನ್ನೇ ನಂಬಿದ ಗೋವಿನಜೋಳ ಮತ್ತು ಭತ್ತದ ಬೇಸಾಯ ಸಂಸಾರಕ್ಕೆ ಸಾಲದೆ ಚಳಿಗಾಲದಲ್ಲಿ ಸ್ವೆಟರ್ ಗಂಟು ಹೊತ್ತು ನಗರಗಳ ಬೀದಿಬದಿಯಲ್ಲಿ ಕೂತರು. ಅವರ ದುಡಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅಡಿಕೆ ತೋಟದಲ್ಲಿ ಗೊನೆ ಇಳಿಸುವ, ಮಳೆಗಾಲಕ್ಕೆ ಮುಂಚೆ ಸೊಪ್ಪು ಹೊರುವ, ಜೇನು ಕೀಳುವ ಸಿದ್ದಿಯ ದುಡಿಮೆ ಅದಕ್ಕಿಂತ ಹಗುರವೆಂದು ಹೇಳಬಲ್ಲವರು ಆ ಕೆಲಸವನ್ನು ಒಂದು ದಿನವೂ ಮಾಡಿದವರಾಗಿರಲಾರರು. ಟಿಬೆಟಿಯನ್ನರ ದುಡಿಮೆ ಅವರ ಹೊಲದಲ್ಲಿ, ಅವರ ಸಹಕಾರಿ ಸಂಘದಲ್ಲಿ ಜಮೆಯಾಯಿತು. ಸಿದ್ದಿಗಳ ದುಡಿಮೆ ಬೇರೆಯವರ ತೋಟದಲ್ಲಿ ಜಮೆಯಾಯಿತು. ಈ ಎರಡರ ನಡುವಿನ ಅಂತರವನ್ನು ನಾವು ಗುಣದ ಅಂತರವೆಂದು ತಿಳಿದುಕೊಂಡಿದ್ದೇವೆ.

ಭೂಮಿಯ ವಿಷಯವನ್ನು ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನಂಥ ತೋಟಿಗ ಮನೆತನದವರ ಪಾತ್ರವೂ ಇದೆ. ಬ್ರಿಟಿಷರ ಕಾಲದಿಂದಲೂ ಅಡಿಕೆ ತೋಟದ ಒಡೆಯರಿಗೆ ತೋಟದ ವಿಸ್ತೀರ್ಣಕ್ಕೆ ತಕ್ಕಂತೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆತಿತ್ತು. ಸರ್ಕಾರದ ಕಾಡಿನಲ್ಲಿ ಸೊಪ್ಪು, ದರಕು, ಸೌದೆ ತರುವ ಅಧಿಕಾರ ಲಿಖಿತವಾಗಿ ತೋಟಿಗನಿಗೆ ಬಂತು. ಅದೇ ಬೆಟ್ಟದ ಮಗ್ಗುಲಲ್ಲಿ ಗುಡಿಸಲು ಕಟ್ಟಿಕೊಂಡು ಆ ಸೊಪ್ಪನ್ನು ಹೊತ್ತು ತರುತ್ತಿದ್ದವನಿಗೆ ಯಾವ ಕಾಗದವೂ ಬರಲಿಲ್ಲ. ದೇವರಾಜ ಅರಸು ಅವರ ಕಾಲದ 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು, ಜಿಲ್ಲೆಯ ಎಷ್ಟೋ ಸಮುದಾಯಗಳ ಹಣೆಬರಹ ಬದಲಾಯಿತು. ಸಿದ್ದಿಗಳಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಕೂಲಿಗಳು, ಮುಂಗಡ ಪಡೆದು ಒಡೆಯರ ಮನೆಯಲ್ಲಿ ಜೀತಕ್ಕೆ ಉಳಿದವರು. ಹಾಗಾಗಿ ಆ ಕಾಯಿದೆಯಿಂದ ಫಲ ಪಡೆದವರು ಅವರಲ್ಲಿ ಕಡಿಮೆ. ಅವರ ಪಾಲಿಗೆ ಉಳಿದದ್ದು ಕಾಡಿನಲ್ಲಿ ಸವರಿಕೊಂಡ ಚೂರು ನೆಲ, ಅದಕ್ಕೆ ಸರ್ಕಾರಿ ಕಡತದಲ್ಲಿ ಇದ್ದ ಹೆಸರು ಅತಿಕ್ರಮಣ. ಟಿಬೆಟಿಯನ್ನರಿಗಾಗಿ 4,000 ಎಕರೆ ಕಾಡನ್ನು ವಿಧಿವತ್ತಾಗಿ ತೆರವು ಮಾಡಿಸಿಕೊಟ್ಟ ಸರ್ಕಾರವೇ ಅದೇ ಜಿಲ್ಲೆಯಲ್ಲಿ ಸಿದ್ದಿಯ ಅರ್ಧ ಎಕರೆಯನ್ನು ಅಪರಾಧವೆಂದು ಬರೆದಿಟ್ಟಿತು.

ಸರ್ಕಾರ ಸಿದ್ದಿಗಳನ್ನು ವಿಶೇಷವಾಗಿ ಗಮನಿಸಿದ ಒಂದು ಸಂದರ್ಭ 1987ರಲ್ಲಿ ಬಂತು, ಅದೂ ಅವರ ಮೈಕಟ್ಟಿನ ಕಾರಣಕ್ಕೆ. ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಕರೆದೊಯ್ದಿತು. ಕೆಲವರು ರಾಷ್ಟ್ರಮಟ್ಟದವರೆಗೂ ಹೋದರು, ಕೆಲವರಿಗೆ ನೌಕರಿಯಾಯಿತು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು ಉಳಿದವರು ಓದನ್ನೂ ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದರು. ಒಂದು ಸಮುದಾಯದ ಏಳಿಗೆಗೆ ಪದಕವೇ ದಾರಿ ಎಂದು ಯಾರಿಗೆ ಹೊಳೆಯಿತೋ ಅವರಿಗೆ ಅಲ್ಲಿನ ಪ್ರಾಥಮಿಕ ಶಾಲೆಗಳ ಸ್ಥಿತಿ ಹೊಳೆಯಲಿಲ್ಲ.

ನಿಜವಾದ ತಿರುವು 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದಾಗ ಬಂತು. ಪರಿಶಿಷ್ಟ ಜಾತಿಯ ಪಟ್ಟಿಗೆ ಇರುವ ಮತದ ಷರತ್ತು ಇದಕ್ಕಿಲ್ಲ. ಆದ್ದರಿಂದ ಮೂರೂ ಮತದ ಸಿದ್ದಿಗಳು ಒಟ್ಟಿಗೆ ಒಳಗೆ ಬಂದರು, ಸಂಘಕ್ಕೂ ಬಲ ಬಂತು. ವಸತಿಶಾಲೆ, ವಿದ್ಯಾರ್ಥಿವೇತನ, ಮೀಸಲು ನೌಕರಿ ಇವೆಲ್ಲ ಕಾಣುವ ಲಾಭಗಳು. ಅವಕ್ಕಿಂತ ದೊಡ್ಡ ಲಾಭ ಮೂರು ವರ್ಷಗಳ ನಂತರ 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ದೊರೆಯಿತು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಭೂಮಿ ತಮ್ಮ ಸ್ವಾಧೀನದಲ್ಲಿತ್ತೆಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಕಾಡಿನಲ್ಲಿ ಬದುಕಿದವನ ಬಳಿ 75 ವರ್ಷಗಳ ಹಿಂದಿನ ಯಾವ ಕಾಗದವಿದ್ದೀತು? ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು, ಅಂದರೆ ಕಲಘಟಗಿ ಮತ್ತು ಖಾನಾಪುರದ ಕಡೆಯವರು, ಇವರ ನೆಂಟರೇ ಆಗಿದ್ದರೂ 2020ರವರೆಗೆ ಪಟ್ಟಿಯ ಹೊರಗೆ ಉಳಿದು ಈ ಅಸಾಧ್ಯವಾದ ಷರತ್ತನ್ನೇ ಎದುರಿಸಬೇಕಾಯಿತು. ಅದೇ 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದ ಮೊದಲ ಶಾಸಕರಾದರು. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಹತ್ತು ಸಾವಿರಕ್ಕಿಂತ ತುಸು ಹೆಚ್ಚು ಎಣಿಕೆಯಾದ, ಯಾವ ಕ್ಷೇತ್ರದ ಫಲಿತಾಂಶವನ್ನೂ ತಾನೊಂದೇ ಬದಲಿಸಲಾರದ ಸಮುದಾಯಕ್ಕೆ ನಾಮನಿರ್ದೇಶನದ ಹೊರತು ಬೇರೆ ಬಾಗಿಲು ಇರಲಿಲ್ಲವೆಂದೇ ತೋರುತ್ತದೆ.

ಇನ್ನು ಟಿಬೆಟಿಯನ್ನರ ಖಾತೆಯ ಇನ್ನೊಂದು ಪುಟ. ಸಿದ್ದಿಗೆ ಇರುವ ಮತದಾನದ ಹಕ್ಕು, ಸಿದ್ದಿಗೆ ಇರುವ ಪೌರತ್ವ ಅವರಲ್ಲಿ ಹೆಚ್ಚಿನವರಿಗೆ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅವರು ವಿದೇಶಿಯರು. ಆರ್‌ಸಿ ಎಂದು ಅವರು ಕರೆಯುವ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಸರ್ಕಾರಿ ನೌಕರಿ ಅವರಿಗಿಲ್ಲ, ಸಾಗುವಳಿಯ ಭೂಮಿ ಗುತ್ತಿಗೆಯದು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು ಎಂದು ಕಾಯಿದೆಯಲ್ಲೇ ಇದ್ದರೂ, ಅದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು 2010ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ತೀರ್ಪು ಪಡೆಯಬೇಕಾಯಿತು, 2013ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನೇ ಹೇಳಿತು. ಅಷ್ಟಾದರೂ 2017ರಲ್ಲಿ, ಪಾಸ್‌ಪೋರ್ಟ್ ಬೇಕಾದವರು ಆರ್‌ಸಿ ಒಪ್ಪಿಸಬೇಕು, ವಸಾಹತಿನ ವಾಸವನ್ನು ಬಿಡಬೇಕು ಎಂಬ ಷರತ್ತುಗಳು ಬಂದವು. ಪೌರತ್ವವನ್ನು ಬೇಡವೆನ್ನುವವರೂ ಅವರಲ್ಲಿ ಇದ್ದಾರೆ. ಅದನ್ನು ಪಡೆದರೆ ಟಿಬೆಟ್ಟಿನ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂಬ ಭಾವನೆ ಹಿರಿಯರಲ್ಲಿ ಗಟ್ಟಿಯಾಗಿದೆ. 2014ರಲ್ಲಿ ಚುನಾವಣಾ ಆಯೋಗ ಅರ್ಹರಿಗೆ ಮತದಾರರ ಪಟ್ಟಿಯಲ್ಲಿ ಸೇರುವ ಅವಕಾಶ ಕೊಟ್ಟಾಗ ಮುಂದೆ ಬಂದವರು ಕಡಿಮೆ.

ಇದರ ಫಲ ವಸಾಹತಿನ ಒಳಗೆ ಕಾಣುತ್ತಿದೆ. ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಭವ್ಯ ಕಟ್ಟಡಗಳನ್ನು ನೋಡಲು ಬರುವ ಪ್ರವಾಸಿಗ ಸಿರಿವಂತಿಕೆಯನ್ನು ಕಾಣುತ್ತಾನೆ. ಅದು ಮಠಗಳ ಸಂಪತ್ತು, ಭಕ್ತರ ಮತ್ತು ವಿದೇಶಿ ದಾನಿಗಳ ಕಾಣಿಕೆಯಿಂದ ಬಂದದ್ದು. ಗೋವಿನಜೋಳ ಬೆಳೆಯುವ ಸಂಸಾರಸ್ಥನ ವರಮಾನವನ್ನು ಅದರಿಂದ ಅಳೆಯಲಾಗದು. ಆ ಸಂಸಾರದ ಮಗಳು ಬೆಂಗಳೂರಿನಲ್ಲಿ ನರ್ಸಿಂಗ್ ಓದಿ ಅಮೆರಿಕಕ್ಕೋ ಕೆನಡಾಕ್ಕೋ ಹೋಗುತ್ತಾಳೆ, ಅಲ್ಲಿಂದ ಹಣ ಬರುತ್ತದೆ, ಹೊಲವನ್ನು ಸುತ್ತಲಿನ ಹಳ್ಳಿಯವರು ಮಾಡುತ್ತಾರೆ, ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ. 2009ರ ಅವರದೇ ಸಮೀಕ್ಷೆಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು ಸುಮಾರು 94 ಸಾವಿರ. ಆಮೇಲೆ ಆ ಸಂಖ್ಯೆ ಇಳಿಯುತ್ತಲೇ ಇದೆ. ತಲಾ ಆದಾಯದ ಲೆಕ್ಕದಲ್ಲಿ ಇದು ಏಳಿಗೆ, ಸಮುದಾಯದ ಲೆಕ್ಕದಲ್ಲಿ ಸವಕಳಿ. ಸಿದ್ದಿ ಹುಡುಗರೂ ಊರು ಬಿಡುತ್ತಿದ್ದಾರೆ, ಆದರೆ ಗೋವೆಯ ಹೋಟೆಲಿಗೆ, ಹುಬ್ಬಳ್ಳಿಯ ಕಟ್ಟಡ ಕೆಲಸಕ್ಕೆ, ಬೆಂಗಳೂರಿನ ಕಾವಲು ಕೆಲಸಕ್ಕೆ. ಅಲ್ಲಿ ಅವರನ್ನು ನಿಲ್ಲಿಸಿ ಯಾವ ದೇಶದವನು, ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳುವುದುಂಟು. ಪಾಸ್‌ಪೋರ್ಟಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವರ ನೆರೆಯವರಿಗೆ, ಈ ನೆಲದ ಪೌರರಾದವರಿಗೆ, ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟ ಮೇಲೂ ಈ ಪ್ರಶ್ನೆ ಬರುತ್ತದೆ.

ಎರಡೂ ಸಮುದಾಯಗಳ ನಡುವೆ ಹೆಚ್ಚು ಜನ ಗಮನಿಸದ ಒಂದು ಸಾಮ್ಯವಿದೆ. ಟಿಬೆಟಿಯನ್ನರ ಗುತ್ತಿಗೆ ಭೂಮಿಯನ್ನು ಮಾರುವಂತಿಲ್ಲ. ಅರಣ್ಯ ಹಕ್ಕು ಕಾಯಿದೆಯಲ್ಲಿ ಸಿಕ್ಕ ಭೂಮಿಯೂ ಮಕ್ಕಳಿಗೆ ಬರುತ್ತದೆಯೇ ಹೊರತು ಪರಭಾರೆಗೆ ಬರುವುದಿಲ್ಲ. ಬ್ಯಾಂಕಿನ ಅಡಮಾನದ ದೃಷ್ಟಿಯಿಂದ ಎರಡಕ್ಕೂ ಬೆಲೆಯಿಲ್ಲ. ಆದರೂ ಟಿಬೆಟಿಯನ್ ರೈತನಿಗೆ ಬಿತ್ತನೆಯ ಕಾಲಕ್ಕೆ ಅವನ ಸಹಕಾರಿ ಸಂಘವಿತ್ತು, ಅದರ ಟ್ರ್ಯಾಕ್ಟರ್ ಇತ್ತು, ಬೆಳೆ ಕೊಳ್ಳುವ ವ್ಯವಸ್ಥೆಯಿತ್ತು. ಹಕ್ಕುಪತ್ರ ಪಡೆದ ಸಿದ್ದಿ ಇವತ್ತಿಗೂ ಮಗಳ ಮದುವೆಗೆ, ಆಸ್ಪತ್ರೆಯ ಖರ್ಚಿಗೆ ತೋಟದ ಒಡೆಯರ ಹತ್ತಿರವೇ ಮುಂಗಡ ಕೇಳುತ್ತಾನೆ, ಅಥವಾ ವಾರವಾರ ಕಂತು ಕಟ್ಟುವ ಸಾಲದ ಗುಂಪಿಗೆ ಹೆಂಡತಿಯ ಹೆಸರು ಬರೆಸುತ್ತಾನೆ. ಮುಂಗಡ ತೀರುವವರೆಗೆ ಅವನ ಕೂಲಿಯ ದರವನ್ನು ಕೊಟ್ಟವರೇ ನಿರ್ಧರಿಸುತ್ತಾರೆ, ತನ್ನ ಎರಡು ಎಕರೆಯನ್ನು ಉಳುವ ಹದದ ದಿನಗಳಲ್ಲಿ ಅವನು ಬೇರೆಯವರ ತೋಟದಲ್ಲಿ ಇರುತ್ತಾನೆ. ಮೈರಾಡದಂಥ ಸಂಸ್ಥೆಯೊಂದು ಟಿಬೆಟಿಯನ್ನರ ಪುನರ್ವಸತಿಗೆ ಇಳಿದಾಗ ಭೂಮಿಯ ಜೊತೆಗೆ ಬೀಜ, ಸಾಲ ಮತ್ತು ಮಾರುಕಟ್ಟೆಯನ್ನೂ ಜೋಡಿಸಬೇಕೆಂದು ಸರ್ಕಾರಕ್ಕೂ ದಾನಿಗಳಿಗೂ ಗೊತ್ತಿತ್ತು. ಸಿದ್ದಿಗಳಿಗೆ ಹಕ್ಕುಪತ್ರ ಹಂಚುವಾಗ ಆ ತಿಳಿವಳಿಕೆಯನ್ನು ಬಳಸಿಕೊಂಡದ್ದು ಕಾಣುವುದಿಲ್ಲ. ಸಮಾರಂಭದಲ್ಲಿ ಕಾಗದ ಕೊಟ್ಟು ಫೋಟೋ ತೆಗೆಸಿಕೊಂಡಲ್ಲಿಗೆ ಕೆಲಸ ಮುಗಿದಿದೆ ಎಂದುಕೊಳ್ಳಲಾಗಿದೆ. ಟಿಬೆಟಿಯನ್ನರನ್ನು ನೋಡಿ ಸಿದ್ದಿಗಳು ಕಲಿಯಬೇಕು ಎಂದು ಮದುವೆಮನೆಯಲ್ಲಿ ಹೇಳುವವರು, ಅವರಿಗೆ ಸರ್ಕಾರ ಮಾಡಿದ್ದನ್ನು ಇವರಿಗೂ ಮಾಡಲಿ ಎಂದು ಒಮ್ಮೆ ಗ್ರಾಮಸಭೆಯಲ್ಲಿ ಎದ್ದು ಹೇಳಿದರೆ ಹೋಲಿಕೆಗೆ ಒಂದು ಉಪಯೋಗವಾದೀತು.