ಕ್ರೇಗಿವಾರ್ ಮಾದರಿ: ಗಾರೆ ಕೊನೆಗೂ ಹಿಡಿಯಿತು

ಉಗುರಲ್ಲಿ ಕೆರೆದು ನೋಡಿದೆ. ಉದುರಲಿಲ್ಲ! ಸ್ಕಾಟ್ಲೆಂಡಿನ ಹಳೇ ಕೋಟೆಮನೆ ಕ್ರೇಗಿವಾರ್‌ನ 1:72 ಅಳತೆಯ ಮಾದರಿ ಈಗ ಗುಲಾಬಿ ಬಣ್ಣದಲ್ಲಿ ಮೇಜಿನ ಮೇಲೆ ನಿಂತಿದೆ.

ಫೋಮ್ ಬೋರ್ಡ್ ಕತ್ತರಿಸಿದ್ದು, ಮೂಲೆ ಗೋಪುರ ಸುತ್ತಿದ್ದು, ಮಾಡಿಗೆ ಕಾರ್ಡಿನ ಸ್ಲೇಟು ಅಂಟಿಸಿದ್ದು ಎಲ್ಲ ನಿಮಗೆ ಗೊತ್ತಿರೋದೇ. ಅದನ್ನು ಬಿಡೋಣ. ಈ ಸಲ ಬರೀ ಗಾರೆಯ ಗೋಳು.

ಹೊಸಬರಿಗೆ ಒಂದು ಮಾತು. ಇಲ್ಲಿ ಆಬರ್ಡೀನ್‌ನಲ್ಲಿ ನಮ್ಮದೊಂದು ಪರಂಪರೆ ಸಂಘ ಇದೆ. ಬೇಸಿಗೆಯಲ್ಲಿ ಬಸ್ಸು ಮಾಡಿಕೊಂಡು ಹಳೇ ಮನೆಗಳನ್ನು ನೋಡಲು ಹೋಗುತ್ತೇವೆ. ಅರ್ಧ ಇತಿಹಾಸ, ಅರ್ಧ ಟೀ ಮತ್ತು ಸ್ಕೋನ್. ಹೋದಲ್ಲಿ ಮನಸ್ಸಿಗೆ ಹಿಡಿದ ಮನೆಯ ಮಾದರಿ ಮಾಡುವುದು ನನ್ನ ಹುಚ್ಚು. ಕ್ರೇಗಿವಾರ್ 1626ರಲ್ಲಿ ಮುಗಿದದ್ದು. ಮುಗಿಸಿದವನು ಬಾಲ್ಟಿಕ್ ಕಡೆ ವ್ಯಾಪಾರ ಮಾಡಿ ದುಡ್ಡು ಕಂಡ ವಿಲಿಯಂ ಫೋರ್ಬ್ಸ್. ಜನ ಅವನನ್ನು ಡ್ಯಾನ್ಜಿಗ್ ವಿಲ್ಲಿ ಅನ್ನುತ್ತಿದ್ದರು. ನೆಲಮಹಡಿ ಬಿಟ್ಟರೆ ಮೇಲೆಲ್ಲೂ ವಿದ್ಯುತ್ ದೀಪ ಇಲ್ಲ, ಕಿಟಕಿಯ ಬೆಳಕೇ ಗತಿ. ಮೋಡ ಕವಿದರೆ ಸಂಘದ ಹಿರಿಯರೆಲ್ಲ ಕಿಟಕಿ ಪಕ್ಕ ಗುಂಪುಗೂಡುತ್ತಾರೆ.

ತೊಂದರೆ ಏನೆಂದರೆ, ಆ ಮನೆಯ ಗೋಪುರ, ಕೆತ್ತನೆ, ವೈಭವ ಎಲ್ಲ ಮೇಲ್ಗಡೆ. ಕೆಳಗೆ ಬೋಳು ಗೋಡೆ. ಅಲ್ಲಿ ಕಣ್ಣಿಗೆ ಬೀಳುವುದು ಹಾರ್ಲಿಂಗ್ ಒಂದೇ, ಅಂದರೆ ಸುಣ್ಣ, ಮರಳು, ಸಣ್ಣ ಕಲ್ಲು ಕಲಸಿ ಎರಚಿದ ಒರಟು ಗಾರೆ. ಅದು ಕೆಟ್ಟರೆ ಮಾದರಿಯೇ ಕೆಟ್ಟ ಹಾಗೆ.

ಮೊದಲು ಚಿರೋಟಿ ರವೆ. ನಗಬೇಡಿ, ನಮ್ಮಲ್ಲಿ ಎಷ್ಟೋ ಜನ ಬಳಸುತ್ತಾರೆ. ಆದರೆ ಲೆಕ್ಕ ಹಾಕಿ: 0.3 ಮಿ.ಮೀ. ಕಾಳು ನಿಜವಾದ ಗೋಡೆಯ ಅಳತೆಗೆ 72 ಪಟ್ಟು ಆದರೆ ಎರಡು ಸೆಂಟಿಮೀಟರ್ ದಾಟುತ್ತದೆ. ಅಷ್ಟು ದಪ್ಪ ಕಲ್ಲನ್ನು ಯಾವ ಗಾರೆಯವನೂ ಎರಚಲ್ಲ. ಸಾಲದ್ದಕ್ಕೆ ನೀರಿನ ಪೇಂಟ್ ತಾಗಿದ್ದೇ ತಡ, ಗೋಡೆ ಉಪ್ಪಿಟ್ಟಿನ ಹಾಗೆ ಅರಳಿತು.

ಆಮೇಲೆ ಅಮೃತಶಿಲೆಯ ಪುಡಿ ತರಿಸಿದೆ. ಜಾಹೀರಾತಿನಲ್ಲಿ 'ಅತಿ ನುಣ್ಣನೆ'. ಪ್ಯಾಕೆಟ್ ಒಡೆದರೆ ಮೀನಿನ ತೊಟ್ಟಿಗೆ ಹಾಕುವ ಜಲ್ಲಿ! ಕೇಳಿದ್ದಕ್ಕೆ, ನೈಸರ್ಗಿಕ ವಸ್ತು, ಹೆಚ್ಚುಕಮ್ಮಿ ಇರುತ್ತದೆ ಅಂದರು. ಅಂಚೆ ಖರ್ಚು ಮಾತ್ರ ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ, ಪೂರ್ತಿ ವಸೂಲಾಗಿತ್ತು. ಕೊನೆಗೆ ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿ, ಇಳಿದ ಚೂರುಪಾರು ಪುಡಿ ಇಟ್ಟುಕೊಂಡೆ.

ರೆಡಿಮೇಡ್ ಅಕ್ರಿಲಿಕ್ ಪೇಸ್ಟ್ ಬಿಸಿಲಿಗೆ ಮಿರಮಿರ ಅನ್ನುತ್ತದೆ. ಸುಣ್ಣ ಮಿಂಚಲ್ಲ. ಹಾಗಾಗಿ ಸುಣ್ಣವೇ ಬೇಕು ಅಂತ ಹಟ ಹಿಡಿದೆ. ಹಳೇ ಕಟ್ಟಡಕ್ಕೆ ಸುಣ್ಣ ಮಾರುವವರು ಬಕೆಟ್ಟಿಗಿಂತ ಕಡಿಮೆ ಕೊಡಲ್ಲವಂತೆ. ಅಷ್ಟರಲ್ಲಿ ನಮ್ಮ ಬೀದಿಗೇ ಬಳಿಯಬಹುದು! ಕಡೆಗೆ ಒದಗಿದ್ದು ಎಲೆ ಅಡಿಕೆ ಸುಣ್ಣದ ಡಬ್ಬಿ. ಕಲಸಿ ಬಳಿದೆ. ಬೆಳಿಗ್ಗೆ ಎದ್ದು ನೋಡಿದರೆ ಇಡೀ ಪದರ ಹಪ್ಪಳವಾಗಿ ಎದ್ದು ಬಂದಿದೆ. ಮತ್ತೆ ಬಳಿದೆ, ಮತ್ತೆ ಹಪ್ಪಳ.

ಬಿಡಿಸಿ ಹೇಳಿದವರು ಸಂಘದ ಒಬ್ಬ ಹಿರಿಯರು, ಗಾರೆ ಕೆಲಸದಲ್ಲೇ ಜೀವನ ಕಳೆದವರು. ಕ್ರ್ಯಾಥ್ಸ್ ಕೋಟೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದರು. ಫೋನಿನಲ್ಲಿ ಫೋಟೋ ತೋರಿಸಿದೆ. ಮೊದಲು ಮನಸಾರೆ ನಕ್ಕರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ: ಗೋಡೆ ನೆನೆಸಿದ್ದೆಯಾ? ಎರಚಿದೆಯಾ, ಬಳಿದೆಯಾ? ಒಣ ಗೋಡೆ ಸುಣ್ಣದ ನೀರನ್ನೆಲ್ಲ ಕುಡಿದುಬಿಡುತ್ತದೆ. ಬೇಗ ಒಣಗಿದ ಸುಣ್ಣ ಗಟ್ಟಿಯಾಗಲ್ಲ, ಅದಕ್ಕೆ ತೇವವೂ ಬೇಕು ಗಾಳಿಯೂ ಬೇಕು. ಎರಚಿದರೆ ಮಾತ್ರ ಗಾರೆ ಸಂದುಗೊಂದಿಗೆ ಹೊಕ್ಕು ಕಚ್ಚಿಕೊಳ್ಳುತ್ತದೆ. ಸಿಮೆಂಟಿನ ಹೆಸರೆತ್ತಿದರೆ ಅವರಿಗೆ ಪಿತ್ತ ನೆತ್ತಿಗೇರುತ್ತದೆ. ಕ್ರೇಗಿವಾರ್‌ಗೂ ಹಿಂದೆ ಸಿಮೆಂಟ್ ಗಾರೆ ಮಾಡಿದ್ದರು. ಒಳಗಿನ ತೇವ ಹೊರಬರಲಾಗದೆ ಕೂತಿತು. 2007ರಿಂದ 2009ರವರೆಗೆ ಅದನ್ನು ಕಿತ್ತು ಮತ್ತೆ ಸುಣ್ಣಕ್ಕೇ ಬರಬೇಕಾಯಿತು.

ಈಗ ಕ್ರಮ ಹೀಗೆ. ಬೋರ್ಡಿನ ಮೇಲಿನ ಕಾಗದ ಸುಲಿದು ಅಡ್ಡಾದಿಡ್ಡಿ ಗೀರು. ಅದರ ಮೇಲೆ ಫೆವಿಕಾಲ್ ಥರದ ಅಂಟು, ಮರಳು. ಒಣಗಿದ ಮೇಲೆ ನೀರು ಚಿಮುಕಿಸಿ, ಸುಣ್ಣ ಮತ್ತು ಪುಡಿಯ ತೆಳು ಕಲಸನ್ನು ಹಂದಿಕೂದಲಿನ ಬ್ರಷ್‌ನಿಂದ ಕಡ್ಡಿಗೆ ತಟ್ಟಿ ಎರಚುವುದು. ಕನ್ನಡಕ ಕಡ್ಡಾಯ, ಸುಣ್ಣ ಕಣ್ಣಿಗೆ ಹಾರಿದರೆ ತಮಾಷೆ ಅಲ್ಲ. ಆಮೇಲೆ ಒದ್ದೆ ಬಟ್ಟೆ ಹೊದಿಸಿ ಹೀಟರ್‌ನಿಂದ ದೂರ ಇಡಿ.

ಬಣ್ಣಕ್ಕೆ, ಹೊಸ್ತಿಲಿಗೆ ಹಚ್ಚಲೆಂದು ಅಮ್ಮ ಕೊಟ್ಟ ಕೆಮ್ಮಣ್ಣು. ಒದ್ದೆಯಲ್ಲಿ ಇಟ್ಟಿಗೆ ಕೆಂಪು, ಒಣಗಿದರೆ ತಿಳಿ ಗುಲಾಬಿ. ಕಾರ್ಡಿನ ಮೇಲೆ ಮೊದಲು ಬಳಿದು ಒಣಗಿಸಿ ನೋಡದೆ ಮುಂದೆ ಹೋಗಬೇಡಿ. ಇನ್ನೊಂದು ಕೋಟ್ ಬೇಡವಾ ಅಂತ ಮನೆಯಲ್ಲಿ ಕೇಳಿದರು. ಮಲಗಿದ ನಾಯಿಯನ್ನು ಎಬ್ಬಿಸಬೇಡ ಅಂತ ಕ್ರೇಗಿವಾರ್‌ನಲ್ಲೇ ಕಲ್ಲಲ್ಲಿ ಕೆತ್ತಿಟ್ಟಿದ್ದಾರೆ. ನಾನೂ ಬ್ರಷ್ ತೊಳೆದಿಟ್ಟೆ.

ಆದರೆ ತಲೆ ಆಗಲೇ ಹೆಲೆನ್ಸ್‌ಬರ್ಗ್‌ನ ಹಿಲ್ ಹೌಸ್‌ಗೆ ಓಡಿದೆ. ವಾಸ್ತುಶಿಲ್ಪಿ ಮ್ಯಾಕಿಂಟಾಷ್ 1904ರಲ್ಲಿ ಮುಗಿಸಿದ ಮನೆ. ಅಲ್ಲೂ ಸಿಮೆಂಟ್ ಗಾರೆ, ಅಲ್ಲೂ ನೀರು. ಈಗ ಇಡೀ ಮನೆಯನ್ನೇ ಸ್ಟೀಲ್ ಬಳೆಗಳ ಜಾಲರಿಯ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ, 2019ರಿಂದ. ಮೂರು ಕೋಟಿಗೂ ಜಾಸ್ತಿ ಬಳೆಗಳಂತೆ! ಮಳೆ ತಡೆದು ಗಾಳಿ ಬಿಡುವ ಪೆಟ್ಟಿಗೆ. ಮನೆಗಿಂತ ಆ ಪೆಟ್ಟಿಗೆ ಮಾಡೋಣ ಅನ್ನಿಸುತ್ತಿದೆ. ಸದ್ಯಕ್ಕೆ ಅಡುಗೆಮನೆಯ ಟೀ ಸೋಸುವ ಜಾಲರಿ ಅಳೆಯುತ್ತಿದ್ದೇನೆ. ಅದಕ್ಕಿಂತ ಸಣ್ಣ ಕಣ್ಣಿನದು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ. ಜಲ್ಲಿ ಕಳಿಸಿದ ಅಂಗಡಿಯ ಹೆಸರು ಮಾತ್ರ ಬೇಡ.