ರೇಡಿಯೇಟರಿನ ಹಳೇ ನೀರನ್ನು ಸುಮ್ಮನೆ ಚೆಲ್ಲಬೇಡಿ

ನಿಂತ ನೀರು ಕೆಡುತ್ತದೆ ಎಂದು ಕೇಳಿ ಬೆಳೆದವರಿಗೆ ಬ್ರಿಟನ್ನಿನ ಮನೆಗಳ ಸೆಂಟ್ರಲ್ ಹೀಟಿಂಗ್ ಸ್ವಲ್ಪ ವಿಚಿತ್ರ. ನಮ್ಮೂರಿನ ಗೀಸರಿಗೆ ದಿನವೂ ಹೊಸ ನೀರು ಬರುತ್ತದೆ, ಹೋಗುತ್ತದೆ. ಇಲ್ಲಿ ಬಾಯ್ಲರಿನಿಂದ ಕೋಣೆ ಬೆಚ್ಚಗಿಡುವ ರೇಡಿಯೇಟರುಗಳಿಗೆ, ಅಲ್ಲಿಂದ ಮತ್ತೆ ಬಾಯ್ಲರಿಗೆ, ಅದೇ ನೀರು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಸ್ನಾನದ ಬಿಸಿನೀರಿನ ದಾರಿಯೇ ಬೇರೆ. ಯಾವಾಗಲಾದರೂ ರೇಡಿಯೇಟರಿನಿಂದ ಮಸಿಯಂಥ ನೀರು ಬಂದರೆ, ಎಲ್ಲ ಖಾಲಿ ಮಾಡಿ ಹೊಸದು ತುಂಬಿಸೋಣ ಅನ್ನಿಸುತ್ತದೆ. ಬರೀ ಅಷ್ಟೇ ಮಾಡಿದರೆ ತುಕ್ಕಿಗೆ ಎಲೆ ಹಾಕಿ ಬಡಿಸಿದ ಹಾಗೆ.

ನಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಇರುತ್ತದೆ. ಅದು ರೇಡಿಯೇಟರಿನ ಉಕ್ಕನ್ನು ತಿನ್ನುತ್ತದೆ. ಆ ಆಮ್ಲಜನಕ ಖರ್ಚಾದ ಮೇಲೆ, ಹೊಸ ನೀರಾಗಲಿ ಗಾಳಿಯಾಗಲಿ ಒಳಗೆ ಬರದಿದ್ದರೆ, ತುಕ್ಕು ತಾನಾಗಿಯೇ ನಿಧಾನಿಸುತ್ತದೆ. ಆಮ್ಲಜನಕ ಕಡಿಮೆ ಇರುವಲ್ಲಿ ಹುಟ್ಟುವುದು ಕೆಂಪು ತುಕ್ಕಲ್ಲ, ಮ್ಯಾಗ್ನೆಟೈಟ್ ಎಂಬ ಕಪ್ಪು ಪುಡಿ. ಜೊತೆಗೆ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ಪುಡಿ ಭಾರವಾದ್ದರಿಂದ ಕಾಫಿ ಗಸಿಯಂತೆ ತಳಕ್ಕೆ ಇಳಿಯುತ್ತದೆ, ಅನಿಲ ಮೇಲಕ್ಕೇರುತ್ತದೆ. ಹಾಗಾಗಿ ಕೈಯಿಂದ ಮುಟ್ಟಿಯೇ ಅರ್ಧ ರೋಗ ಹೇಳಬಹುದು: ರೇಡಿಯೇಟರಿನ ಮೇಲ್ಭಾಗ ತಣ್ಣಗಿದ್ದರೆ ಅನಿಲ, ಕೆಳಗೆ ನಡುಭಾಗ ತಣ್ಣಗಿದ್ದರೆ ಗಸಿ. ನೀರಿನ ಬಣ್ಣವೂ ಸುಳಿವು ಕೊಡುತ್ತದೆ. ಕಪ್ಪಾಗಿದ್ದರೆ ತುಕ್ಕು ಹಳೆಯದು. ಕೆಂಪು ಮಿಶ್ರಿತ ಕಂದು ಬಣ್ಣವಿದ್ದರೆ ಈಗಲೂ ಎಲ್ಲಿಂದಲೋ ಆಮ್ಲಜನಕ ಬರುತ್ತಿದೆ.

ಒಂದೇ ರೇಡಿಯೇಟರಿನ ಗಾಳಿಯನ್ನು ಎರಡು ಮೂರು ವಾರಕ್ಕೊಮ್ಮೆ ಬಿಡಬೇಕಾಗಿ ಬಂದರೆ ಅದು ಬರೀ ಗಾಳಿ ಅಲ್ಲದಿರಬಹುದು, ಹೈಡ್ರೋಜನ್ ಆಗಿರಬಹುದು. ಬೆಂಕಿ ಹಿಡಿದು ಪರೀಕ್ಷಿಸುವ ಹಳೇ ಚಾಳಿಯನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.

ಇನ್‌ಹಿಬಿಟರ್ ಎಂಬ ತುಕ್ಕು ತಡೆಯುವ ಔಷಧಿಯನ್ನು ನೀರಿಗೆ ಹಾಕುವ ಮೊದಲು ಪ್ರೆಷರ್ ಗೇಜ್ ನೋಡಿ. ಸೀಲ್ಡ್ ಸಿಸ್ಟಮ್ (ಅಟ್ಟದಲ್ಲಿ ತೊಟ್ಟಿಯಿಲ್ಲದ, ಪೂರ್ತಿ ಮುಚ್ಚಿದ ಮಾದರಿ) ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್ ನಡುವೆ ಇರಬೇಕು. ವರ್ಷಕ್ಕೊಮ್ಮೆಯೋ ಎರಡು ಸಲವೋ ಸ್ವಲ್ಪ ತುಂಬಿಸುವುದು ದೊಡ್ಡ ವಿಷಯವಲ್ಲ. ವಾರವಾರ ತುಂಬಿಸುತ್ತಿದ್ದರೆ ವಾರವಾರ ಹೊಸ ಆಮ್ಲಜನಕ ಒಳಗೆ ಹೋಗುತ್ತದೆ, ಇದ್ದ ಇನ್‌ಹಿಬಿಟರ್ ತೆಳುವಾಗುತ್ತದೆ. ಆಗ ಎಷ್ಟು ದುಬಾರಿ ಔಷಧಿ ಸುರಿದರೂ ತೂತು ಮಡಕೆಗೆ ನೀರು ಹೊಯ್ದಂತೆ. ಸೋರಿಕೆ ಹುಡುಕಲು ರೇಡಿಯೇಟರ್ ವಾಲ್ವುಗಳ ಕೆಳಗೆ ಒಣ ಟಿಶ್ಯೂ ಒತ್ತಿ ನೋಡಿ. ಅಲ್ಲಿ ಏನೂ ಸಿಗದಿದ್ದರೆ ಅನುಮಾನ ಎಕ್ಸ್‌ಪ್ಯಾನ್ಷನ್ ವೆಸೆಲ್ ಮೇಲೆ. ಬಿಸಿಯಾಗಿ ಹಿಗ್ಗಿದ ನೀರಿಗೆ ಜಾಗ ಕೊಡುವುದು ಅದರೊಳಗಿನ ಗಾಳಿ. ಆ ಗಾಳಿ ಹೋಗಿದ್ದರೆ ಹೀಟಿಂಗ್ ಹಾಕಿದಾಗ ಮುಳ್ಳು ಸರ್ರನೆ 3 ಬಾರ್ ಕಡೆಗೆ ಏರುತ್ತದೆ, ಸೇಫ್ಟಿ ವಾಲ್ವ್ ತೆರೆದು ಹೊರಗೋಡೆಯ ತಾಮ್ರದ ಕೊಳವೆಯಲ್ಲಿ ನೀರು ಸುರಿಯುತ್ತದೆ, ಬೆಳಿಗ್ಗೆ ಮುಳ್ಳು ಸೊನ್ನೆಯಲ್ಲಿ. ಕೊಳವೆಯ ಕೆಳಗಿನ ಗೋಡೆಯಲ್ಲಿ ನೀರಿಳಿದ ಕಲೆ ಇದ್ದರೆ ಸಾಕ್ಷಿ ಸಿಕ್ಕಂತೆ. ಬಾಯ್ಲರಿನ ಕವಚ ಬಿಚ್ಚುವ ಕೆಲಸವನ್ನು ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವವರಿಗೇ ಬಿಡಿ.

ನೀರು ತುಂಬಿಸುವ ಫಿಲ್ಲಿಂಗ್ ಲೂಪ್ ಜಾಲರಿ ಹೊದಿಕೆಯ ಪೈಪಾಗಿದ್ದರೆ, ಕೆಲಸ ಮುಗಿದ ಮೇಲೆ ಅದನ್ನು ಕಳಚಿಡಬೇಕು. ಹಾಗೇ ಬಿಟ್ಟ ಲೂಪಿನ ವಾಲ್ವ್ ಸವೆದು, ಯಾರಿಗೂ ಗೊತ್ತಾಗದಂತೆ ಹೊಸ ನೀರು ಒಳಗೆ ನುಸುಳುವುದುಂಟು.

ಈಗ ಔಷಧಿ. ಇನ್‌ಹಿಬಿಟರ್ ಲೋಹದ ಮೇಲೆ ತೆಳುವಾದ ರಕ್ಷಣೆಯ ಪದರ ಕಟ್ಟುತ್ತದೆ. ಪ್ರಮಾಣ ಲೇಬಲ್ಲಿನ ಮೇಲೇ ಇರುತ್ತದೆ: ಸೆಂಟಿನೆಲ್ ಎಕ್ಸ್ 100 ಆದರೆ 100 ಲೀಟರ್ ನೀರಿಗೆ 1 ಲೀಟರ್, ಫರ್ನಾಕ್ಸ್ ಎಫ್ 1 ಆದರೆ 500 ಮಿಲಿ ಬಾಟಲಿ 130 ಲೀಟರಿಗೆ. ಎಂಟು ಹತ್ತು ರೇಡಿಯೇಟರಿನ ಮನೆಯಲ್ಲಿ ಅಂದಾಜು 100 ಲೀಟರ್ ಇರುತ್ತದೆ. ಎರಡು ಪದರದ ಡಬಲ್ ಪ್ಯಾನೆಲ್ ರೇಡಿಯೇಟರುಗಳು ಹೆಚ್ಚಿದ್ದರೆ ಇನ್ನೂ ಜಾಸ್ತಿ. ಸ್ವಲ್ಪ ಹೆಚ್ಚಾದರೆ ತೊಂದರೆಯಿಲ್ಲ, ಕಡಿಮೆಯಾದರೆ ಹಾಕಿದ್ದೇ ದಂಡ.

ಬಾಯ್ಲರಿಗೆ ವಾಪಸು ಬರುವ ಕೊಳವೆಯಲ್ಲಿ ಮ್ಯಾಗ್ನೆಟಿಕ್ ಫಿಲ್ಟರ್ ಇದ್ದರೆ ಶುದ್ಧಿ ಮತ್ತು ಔಷಧಿ ಎರಡೂ ಒಂದೇ ಸಲಕ್ಕೆ ಆಗುತ್ತದೆ. ಹೀಟಿಂಗ್ ಆಫ್ ಮಾಡಿ, ಪೂರ್ತಿ ತಣಿಯಲು ಬಿಡಿ. ಫಿಲ್ಟರಿನ ಎರಡೂ ಕಡೆಯ ವಾಲ್ವ್ ಮುಚ್ಚಿ. ಕೆಳಗೆ ಬಕೆಟ್ ಮತ್ತು ಹಳೇ ಟವೆಲ್ ಇಡಿ. ಈ ಕಪ್ಪು ಕಲೆ ಕಾರ್ಪೆಟ್ಟಿಗೆ ಅಂಟಿದರೆ ಹೋಗುವುದಿಲ್ಲ. ಫಿಲ್ಟರಿನ ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಸಡಿಲಿಸಿ ಒತ್ತಡ ಇಳಿಸಿ, ಆಮೇಲಷ್ಟೇ ಮುಚ್ಚಳ ತಿರುಗಿಸಿ. ಮ್ಯಾಗ್ನೆಟ್ಟನ್ನು ಅದರ ಕವಚದಿಂದ ಹೊರಗೆಳೆದರೆ ಅಂಟಿದ ಗಸಿ ತಾನೇ ಜಾರುತ್ತದೆ, ತೊಳೆಯಿರಿ. ಖಾಲಿಯಾದ ಫಿಲ್ಟರಿಗೆ ಇನ್‌ಹಿಬಿಟರ್ ಸುರಿಯಿರಿ. ಚಿಕ್ಕ ಫಿಲ್ಟರ್ ಪೂರ್ತಿ ಬಾಟಲಿ ಹಿಡಿಯದು. ಹಿಡಿದಷ್ಟು ಹಾಕಿ ಒಂದೆರಡು ಗಂಟೆ ಹೀಟಿಂಗ್ ಓಡಿಸಿ, ತಣಿದ ಮೇಲೆ ಉಳಿದದ್ದನ್ನು ಹಾಕಿ. ರಬ್ಬರ್ ರಿಂಗಿನ ಮೇಲೆ ಒಂದು ಕಣ ಗಸಿ ಉಳಿದರೂ ಸೋರುತ್ತದೆ, ಅದನ್ನು ಒರೆಸಿಯೇ ಮುಚ್ಚಳ ಬಿಗಿಯಿರಿ. ವಾಲ್ವ್ ತೆರೆದು, ಗಾಳಿ ಬಿಟ್ಟು, ಒತ್ತಡವನ್ನು ಮತ್ತೆ 1ರ ಮೇಲಕ್ಕೆ ತನ್ನಿ.

ಅಟ್ಟದಲ್ಲಿ ಚಿಕ್ಕ ತೊಟ್ಟಿಯಿರುವ ಹಳೇ ಮಾದರಿಯಾದರೆ ಕೆಲಸ ಸುಲಭ: ಆ ತೊಟ್ಟಿಗೆ ಬರುವ ನೀರನ್ನು ನಿಲ್ಲಿಸಿ, ಕೆಳಗಿನ ಡ್ರೈನ್ ಕಾಕಿನಿಂದ ಒಂದಿಷ್ಟು ನೀರು ತೆಗೆದು, ಔಷಧಿಯನ್ನು ತೊಟ್ಟಿಗೇ ಸುರಿದರೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ತೊಟ್ಟಿಯ ನೀರು ಬಿಸಿಯಾಗಿದ್ದರೆ, ಅಥವಾ ಮೇಲಿನ ಬಾಗಿದ ಕೊಳವೆಯಿಂದ ನೀರು ತೊಟ್ಟಿಗೆ ಬೀಳುತ್ತಿದ್ದರೆ, ನೀರು ಸುತ್ತುತ್ತಲೇ ಗಾಳಿ ಕುಡಿಯುತ್ತಿದೆ ಎಂದರ್ಥ. ಮೊದಲು ಅದನ್ನು ಸರಿಪಡಿಸಿ.

ರೇಡಿಯೇಟರುಗಳ ತಳ ಆಗಲೇ ತಣ್ಣಗಿದ್ದರೆ ಇನ್‌ಹಿಬಿಟರ್ ಒಂದರಿಂದಲೇ ಗಸಿ ಹೋಗದು. ಮೊದಲು ಕ್ಲೀನರ್, ಅದು ಪೂರ್ತಿ ಹೋಗುವವರೆಗೆ ತೊಳೆಯುವುದು, ಆಮೇಲೆ ಇನ್‌ಹಿಬಿಟರ್. ಉಳಿದ ಕ್ಲೀನರ್ ತಾನೇ ಲೋಹ ತಿನ್ನಬಹುದು. ಹಲವು ಬಾಯ್ಲರುಗಳ ಹೀಟ್ ಎಕ್ಸ್‌ಚೇಂಜರ್ ಅಲ್ಯೂಮಿನಿಯಮ್ಮಿನದು, ಅದಕ್ಕೆ ಹೊಂದುವ ಕ್ಲೀನರೇ ಬೇಕು.

ನೀರಿನಲ್ಲಿ ಔಷಧಿ ಉಳಿದಿದೆಯೇ ಎಂದು ನೋಡಲು ಟೆಸ್ಟ್ ಸ್ಟ್ರಿಪ್ ಸಿಗುತ್ತದೆ, ಆದರೆ ನಿಮ್ಮ ಬ್ರ್ಯಾಂಡಿನದ್ದೇ ಬೇಕು. ಹೀಟಿಂಗ್ ನೀರಿನ ಬಗೆಗಿನ ಬ್ರಿಟಿಷ್ ಮಾನದಂಡ ಬಿಎಸ್ 7593ರ 2019ರ ಆವೃತ್ತಿ ಹೇಳುವಂತೆ ವರ್ಷಕ್ಕೊಮ್ಮೆ ಪರೀಕ್ಷೆ, ಐದು ವರ್ಷಕ್ಕೊಮ್ಮೆ ಮತ್ತೆ ಔಷಧಿ ಅಥವಾ ನೀರಿನ ಪೂರ್ಣ ಪರೀಕ್ಷೆ. ಬಾಡಿಗೆ ಮನೆಯಲ್ಲಿರುವವರು ಗಮನಿಸಿ: ಮಾಲೀಕರು ವರ್ಷವರ್ಷ ಮಾಡಿಸಲೇಬೇಕಾದ ಗ್ಯಾಸ್ ಸೇಫ್ಟಿ ಚೆಕ್‌ನಲ್ಲಿ ಈ ನೀರಿನ ಪರೀಕ್ಷೆ ಸೇರಿಲ್ಲ, ಬೇರೆಯಾಗಿ ಕೇಳಬೇಕು. ಹಾಕಿದ ಔಷಧಿಯ ಹೆಸರು, ಪ್ರಮಾಣ, ದಿನಾಂಕ ಬರೆದ ಚೀಟಿಯನ್ನು ಬಾಯ್ಲರ್ ಪಕ್ಕ ಅಂಟಿಸಿ. ಮುಂದಿನ ಸಲ ಬರುವವರು ಬೇರೆ ಬ್ರ್ಯಾಂಡ್ ಬೆರೆಸದಿರಲು ಅದು ಬೇಕು.