ಕ್ಲಚ್ ಪ್ಲೇಟ್ ಸವೆದಿದ್ದು ಯಾಕೆ ಅಂತ ಗೊತ್ತಾದ ದಿನ

ಏರು ಹತ್ತುವಾಗ ಗಾಡಿ ಕೂಗುತ್ತಿತ್ತು, ಮುಂದೆ ಮಾತ್ರ ಹೋಗುತ್ತಿರಲಿಲ್ಲ. ನಾಲ್ಕನೇ ಗೇರಿನಲ್ಲಿ ಎಕ್ಸಿಲರೇಟರ್ ತಿರುವಿದರೆ ಸದ್ದು ಏರುತ್ತದೆ, ಸ್ಪೀಡು ಇದ್ದಲ್ಲೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ತಗೊಂಡ ಹಳೇ ಬೈಕ್, ಪಿಸ್ಟನ್ನೇ ಹೋಗಿರಬೇಕು ಅಂತ ಎರಡು ವಾರ ಅದೇ ಚಿಂತೆ. ಆದರೆ ಇಂಜಿನ್‌ನಲ್ಲಿ ಬಲ ಇಲ್ಲದಿದ್ದರೆ ಅದು ಅಷ್ಟು ಸಲೀಸಾಗಿ ಕೂಗುತ್ತಿರಲಿಲ್ಲ, ಅಲ್ವಾ? ಬಲ ಇದೆ, ಚಕ್ರಕ್ಕೆ ತಲುಪುತ್ತಿಲ್ಲ. ನಡುವೆ ಜಾರುತ್ತಿದ್ದದ್ದು ಕ್ಲಚ್, ಅಂದರೆ ಸ್ಪ್ರಿಂಗ್ ಅದುಮಿ ಹಿಡಿದ ಪ್ಲೇಟ್‌ಗಳ ಮೂಲಕ ಇಂಜಿನ್ನಿನ ಬಲವನ್ನು ಚಕ್ರದ ಕಡೆ ದಾಟಿಸುವ ಭಾಗ.

ಭಾನುವಾರ ಬೆಳಿಗ್ಗೆ ತಮ್ಮನನ್ನು ಜೊತೆಗೆ ಕೂರಿಸಿಕೊಂಡು ಬಿಚ್ಚಿದೆ. ಹೊಸ ಪ್ಲೇಟ್‌ಗಳನ್ನು ಹಿಂದಿನ ರಾತ್ರಿಯೇ ಇಂಜಿನ್ ಆಯಿಲಿನಲ್ಲಿ ನೆನೆಹಾಕಿದ್ದೆ. ಇದು ಆಯಿಲಿನಲ್ಲೇ ತಿರುಗುವ ಕ್ಲಚ್, ಒಣ ಪ್ಲೇಟ್ ಹಾಕಿ ಓಡಿಸಿದರೆ ಶುರುವಿನಲ್ಲೇ ಸುಟ್ಟುಹೋಗಬಹುದು. ಆಯಿಲ್ ಇಳಿಸಿ, ಕಿಕ್ಕರ್ ತೆಗೆದು, ಬಲಗಡೆಯ ಕವರ್ ಬಿಚ್ಚಿದೆವು. ಬೋಲ್ಟ್‌ಗಳು ಒಂದೇ ಉದ್ದ ಇರುವುದಿಲ್ಲ. ತಮ್ಮ ಒಂದು ರಟ್ಟಿನ ಮೇಲೆ ಕವರಿನ ಆಕಾರ ಗೀಚಿ, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ಚುಚ್ಚಿಟ್ಟ. ತುಂಬಾ ಒಳ್ಳೆ ಕೆಲಸ ಮಾಡಿದ.

ಒಂದು ಗಂಟೆ ತಿಂದಿದ್ದು ಹಳೇ ಪ್ಯಾಕಿಂಗ್, ಕವರಿನ ಅಂಚಿನಲ್ಲಿ ಆಯಿಲ್ ಸೋರದಂತೆ ತಡೆಯುವ ತೆಳು ಹಾಳೆ. ಕಲ್ಲಿನಂತೆ ಅಂಟಿಕೊಂಡಿತ್ತು. ಸ್ಕ್ರೂಡ್ರೈವರ್‌ನಲ್ಲಿ ಕೆರೆದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಆಮೇಲೆ ಅಲ್ಲಿಂದಲೇ ಆಯಿಲ್ ಸೋರುತ್ತದೆ, ಅದಕ್ಕೇ ಪ್ಲಾಸ್ಟಿಕ್ ಪಟ್ಟಿಯಿಂದ ಚೂರು ಚೂರೇ ಬಿಡಿಸಿದೆ.

ನಾಲ್ಕು ಸ್ಪ್ರಿಂಗ್ ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಪ್ಲೇಟ್‌ಗಳನ್ನು ಹೊರಗೆಳೆದೆ. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಹೊಸ ಪ್ಲೇಟಿನ ಮೇಲೆ ಚೌಕ ಚೌಕವಾಗಿ ಎದ್ದು ಕಾಣುವ ಪಟ್ಟಿಗಳು ಹಳೆಯದರಲ್ಲಿ ಕಪ್ಪಾಗಿ, ಗಾಜಿನಂತೆ ನುಣ್ಣಗಾಗಿದ್ದವು. ದಪ್ಪ ಅಳೆದರೆ ಹೊಸದು 3 ಮಿಮೀ, ಹಳೆಯದು 2.6. ಇವುಗಳ ನಡುನಡುವೆ ಕೂರುವ ಸ್ಟೀಲ್ ಪ್ಲೇಟ್‌ಗಳ ಮೇಲೆ ಬಿಸಿಗೆ ನೀಲಿ ಕಲೆಗಳು. ಒಂದನ್ನು ಗಾಜಿನ ಮೇಲಿಟ್ಟು ಅಂಚು ಒತ್ತಿದೆ, ಟಕ್ ಟಕ್ ಅಂತ ಅಲುಗಾಡಿತು. ಸೊಟ್ಟಗಾಗಿತ್ತು. ಸ್ಪ್ರಿಂಗ್‌ಗಳನ್ನು ಹೊಸದರ ಪಕ್ಕ ನಿಲ್ಲಿಸಿದರೆ ಅವೂ ಗಿಡ್ಡ.

"ಅಣ್ಣಾ, ಹಳೇ ಗಾಡಿ, ಸವೆಯೋದು ಇದ್ದದ್ದೇ ಬಿಡು" ಅಂದ ತಮ್ಮ.

ಇರಬಹುದು. ಆದರೂ ಕ್ಲಚ್ ವೈರ್ ಬಿಚ್ಚುವ ಮೊದಲು ಹ್ಯಾಂಡಲಿನ ಕ್ಲಚ್ ಲಿವರ್ ಮುಟ್ಟಿ ನೋಡಿದ್ದು ನೆನಪಾಯಿತು. ಚೂರೂ ಪ್ಲೇ (ವೈರ್ ಎಳೆಯುವ ಮೊದಲು ಲಿವರ್ ಸುಮ್ಮನೆ ಅಲುಗುವಷ್ಟು ಸಡಿಲ) ಇರಲಿಲ್ಲ, ತಂತಿ ಬಿಗಿದ ಹಾಗಿತ್ತು. ಪ್ಲೇಟ್ ಸವೆದಂತೆ ಲಿವರಿನ ಪ್ಲೇ ಕಡಿಮೆಯಾಗುತ್ತಾ ಬರುತ್ತದೆ. ಆಗ ವೈರ್ ಸಡಿಲಿಸದಿದ್ದರೆ ಲಿವರ್ ಹಿಡಿಯದೇ ಇದ್ದರೂ ಕ್ಲಚ್ ಅರ್ಧ ಹಿಡಿದಂತೆ ಇರುತ್ತದೆ, ಸ್ಪ್ರಿಂಗ್ ಪೂರ್ತಿ ಅದುಮುವುದಿಲ್ಲ, ಪ್ಲೇಟ್ ಜಾರುತ್ತದೆ, ಜಾರಿ ಬಿಸಿಯಾಗಿ ಇನ್ನೂ ಸವೆಯುತ್ತದೆ. ಗಾಡಿ ತಗೊಂಡ ಮೇಲೆ ಚೈನ್ ನೋಡಿದ್ದೆ, ಬ್ರೇಕ್ ನೋಡಿದ್ದೆ, ಇದೊಂದನ್ನು ನೋಡಿರಲಿಲ್ಲ. ಎರಡು ನಿಮಿಷದ ಕೆಲಸ ಅದು. ಇವತ್ತಿಗೂ ಬೇಜಾರಿದೆ.

ಹೊಸ ಪ್ಲೇಟ್, ಸ್ಟೀಲ್ ಪ್ಲೇಟ್ ಒಂದಾದ ಮೇಲೊಂದು ಕೂರಿಸಿ, ಹೊಸ ಸ್ಪ್ರಿಂಗ್ ಹಾಕಿದೆ. ಆ ಸಣ್ಣ ಬೋಲ್ಟ್‌ಗಳಿಗೆ ಜಾಸ್ತಿ ಬಲ ಹಾಕಿದರೆ ಮುರಿದೇ ಹೋಗುತ್ತವೆ, ಕೈ ತಡೆದು ಬಿಗಿ ಮಾಡಿದೆ. ಡಬ್ಬದ ಮೇಲೆ ಜಾಸೊ ಎಂಎ2 ಅಂತ, ಅಂದರೆ ಆಯಿಲಿನಲ್ಲಿ ತಿರುಗುವ ಕ್ಲಚ್‌ಗೆ ಹೊಂದುತ್ತದೆ ಅನ್ನುವ ಗುರುತು, ಇರುವ ಆಯಿಲ್ಲೇ ತಂದಿದ್ದೆ. ಕೆಲವು ಕಾರ್ ಆಯಿಲ್‌ಗಳಲ್ಲಿ ಜಾರಿಕೆ ಹೆಚ್ಚಿಸುವ ವಸ್ತು ಇರುತ್ತದೆ, ಇಂಥ ಕ್ಲಚ್‌ಗೆ ಅದು ಆಗಿಬರುವುದಿಲ್ಲ. ಕೊನೆಗೆ ಲಿವರ್ ತುದಿಯಲ್ಲಿ 15 ಮಿಮೀ ಪ್ಲೇ ಬಿಟ್ಟೆ. ಸುಮಾರು ಬೈಕ್‌ಗಳಿಗೆ 10ರಿಂದ 20 ಹೇಳುತ್ತಾರೆ, ಮ್ಯಾನ್ಯುಯಲ್ ನೋಡಿಕೊಳ್ಳಿ.

ಸಂಜೆ ಅದೇ ಏರಿಗೆ ಹೋದೆವು. ತಮ್ಮ ಹಿಂದೆ ಕೂತಿದ್ದ. ನಾಲ್ಕನೇ ಗೇರಿನಲ್ಲಿ ತಿರುವಿದೆ, ಸದ್ದೂ ಸ್ಪೀಡೂ ಒಟ್ಟಿಗೇ ಏರಿದವು. ಅವನು ನನ್ನ ಭುಜ ಗಟ್ಟಿಯಾಗಿ ಹಿಡಿದುಕೊಂಡ. ಮೂರು ದಿನ ಓಡಿಸಿ ಮತ್ತೆ ಪ್ಲೇ ನೋಡಿದೆ, ಸ್ವಲ್ಪ ಕಡಿಮೆಯಾಗಿತ್ತು. ವೈರ್ ಅರ್ಧ ಸುತ್ತು ಸಡಿಲಿಸಿದೆ.